ಹಳೇ ಟಾಟಾ 407 ಲಾರಿ ಮಿಸ್ಸಿಂಗ್ ಹೊಡೀತಿದ್ರೆ ಪಂಪ್ ಬಿಚ್ಸೋಕೆ ಮುಂಚೆ ಇಷ್ಟು ನೋಡ್ಕೊಳಿ

ಆಲೆಮನೆಯಿಂದ ಬೆಲ್ಲ ತುಂಬ್ಕೊಂಡು ಮಂಡ್ಯ ಮಾರ್ಕೆಟ್‌ಗೆ ಬರ್ತಿದ್ದಾಗ ನಮ್ಮ ಗಾಡಿ ಏರಲ್ಲಿ ಪಿಕಪ್ಪೇ ಇಲ್ದಂಗೆ ಜಗ್ಗಾಡೋಕೆ ಶುರುವಾಯ್ತು, ತೋರ್ಸಿದ್ ಕಡೆ ಪಂಪೇ (ನಾಜಲ್‌ಗಳಿಗೆ ಪ್ರೆಷರಲ್ಲಿ ಡೀಸೆಲ್ ತಳ್ಳೋ ಇಂಜೆಕ್ಷನ್ ಪಂಪ್) ಹೋಗೈತೆ ಇಳಿಸ್ಬೇಕು ಅಂದ್ಬಿಟ್ರು. ಕೊನೆಗೆ ನೋಡಿದ್ರೆ ಟ್ಯಾಂಕ್ ಹತ್ರ ರಬ್ಬರ್ ಪೈಪು ಸೀಳಿತ್ತು ಅಷ್ಟೇ. ಅದಕ್ಕೇ ಬರೀತಿದೀನಿ, ಯಾರೂ ಸುಮ್ನೆ ದುಡ್ಡು ಕಳ್ಕೋಬಾರ್ದು.

ಮೊದ್ಲು ಯಾವಾಗ ಮಿಸ್ಸಿಂಗ್ (ಇಂಜಿನ್ ತಪ್ಪಿ ತಪ್ಪಿ ಓಡೋದು) ಅಂತ ಗಮನಿಸಿ. ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೇ ಓಡ್ವಾಗ) ಸರಿಯಾಗಿದ್ದು ಲೋಡಲ್ಲಿ, ಏರಲ್ಲಿ ಸಾಯ್ತಿದ್ರೆ ಡೀಸೆಲ್ ಸಾಲ್ತಿಲ್ಲ ಅಂತ ಅನುಮಾನ ಪಡಿ. ಸ್ಲೋನಲ್ಲೇ ಗಡಗಡ ಅಂತ ಒಂದೇ ಸಮ ನಡುಗ್ತಾ ಬಿಳಿ ಹೊಗೆ ಬಿಡ್ತಿದ್ರೆ ಯಾವ್ದೋ ಒಂದು ಸಿಲಿಂಡರ್ ಕೆಲ್ಸ ಮಾಡ್ತಿಲ್ಲ.

ಡೀಸೆಲ್ ಸಾಲ್ದಿದ್ರೆ ಟ್ಯಾಂಕಿಂದ ಶುರು ಮಾಡಿ. ಮುಚ್ಚಳ ಸಡಿಲ ಮಾಡಿ ಓಡ್ಸಿ, ಸರಿಹೋದ್ರೆ ಮುಚ್ಚಳದ ಗಾಳಿ ತೂತು ಕಟ್ಕೊಂಡಿದೆ. ಆಮೇಲೆ ಟ್ಯಾಂಕಿಂದ ಫೀಡ್ ಪಂಪ್‌ (ಟ್ಯಾಂಕಿಂದ ಡೀಸೆಲ್ ಎಳ್ಯೋ ಚಿಕ್ಕ ಪಂಪ್) ವರೆಗಿನ ಪೈಪು, ವಾಷರ್ ಒಂದೊಂದೇ ನೋಡಿ, ಇಲ್ಲಿ ಬಹಳ ಜನ ಮೋಸ ಹೋಗ್ತಾರೆ ಯಾಕಂದ್ರೆ ಈ ಭಾಗದಲ್ಲಿ ಪಂಪ್ ಎಳ್ಕೊಳ್ಳೋದು, ತೂತಿದ್ರೂ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ ಗಾಳಿ ಒಳಗೆ ಹೋಗುತ್ತೆ, ನೆಲ ಒಣಗೇ ಇರುತ್ತೆ. ಬೆಳಗ್ಗೆ ಎಷ್ಟೊತ್ತು ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗ್ದೇ ಹ್ಯಾಂಡ್ ಪಂಪ್ ಒತ್ತಿದ ಮೇಲೆ ಆದ್ರೆ ಬಹುತೇಕ ಇದೇ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತಿ, ನೊರೆ ನಿಲ್ದೇ ಬರ್ತಾನೇ ಇದ್ರೆ ಗಾಳಿ ಎಳೀತಿದೆ. ಗ್ಯಾರಂಟಿ ಬೇಕಾ, ಶುದ್ಧ ಡೀಸೆಲ್ ಇರೋ ಕ್ಯಾನಿಂದ ಹೊಸ ಪೈಪಲ್ಲಿ ನೇರ ಫೀಡ್ ಪಂಪ್‌ಗೆ ಕೊಟ್ಟು ನೋಡಿ, ಇಂಜಿನ್ ಸರಿಹೋದ್ರೆ ಪಂಪ್ ಮುಟ್ಲೇಬೇಡಿ.

ಕ್ಯಾನಿಂದ ಕೊಟ್ರೂ ಸರಿಹೋಗ್ದಿದ್ರೆ ಫಿಲ್ಟರ್ ಬದಲಾಯ್ಸಿ, ಇಂಜೆಕ್ಷನ್ ಪಂಪ್‌ಗೆ ಹೋಗೋ ಲೈನಿಗೆ ಪ್ರೆಷರ್ ಗೇಜ್ ಹಾಕ್ಸಿ. ಹಳೇ ಇನ್‌ಲೈನ್ ಪಂಪ್‌ಗೆ (ಸಿಲಿಂಡರ್‌ಗೊಂದು ಪ್ಲಂಜರ್ ಸಾಲಾಗಿರೋ ಇಂಜೆಕ್ಷನ್ ಪಂಪ್) ಸುಮಾರು 1 ಬಾರ್ ಮೇಲೆ ಪ್ರೆಷರ್ ಇರ್ಬೇಕು, ರೇಸ್ ಮಾಡ್ದಾಗ ಬಿದ್ದೋದ್ರೆ ಫೀಡ್ ಪಂಪ್ ವಾಲ್ವ್, ಇಲ್ಲ ರಿಟರ್ನ್ ಲೈನಿನ (ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗೋ ಪೈಪು) ಓವರ್‌ಫ್ಲೋ ವಾಲ್ವ್ ನೋಡ್ಸಿ.

ಕೆಲ್ಸ ಮಾಡ್ದಿರೋ ಸಿಲಿಂಡರ್ ಹುಡ್ಕೋದು ಹಿಂಗೆ: ಸ್ಲೋನಲ್ಲಿ ಓಡ್ತಿರ್ಬೇಕಾದ್ರೆ ನಾಜಲ್‌ಗೆ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋದು) ಬರೋ ಪೈಪಿನ ನಟ್ಟು ಒಂದೊಂದಾಗಿ ಅರ್ಧ ಸುತ್ತು ಸಡಿಲ ಮಾಡಿ, ಮೇಲೆ ದಪ್ಪ ಬಟ್ಟೆ ಇರ್ಲಿ. ಸೌಂಡ್ ಕುಗ್ಗಿದ್ರೆ ಅದು ಚೆನ್ನಾಗಿದೆ, ಏನೂ ವ್ಯತ್ಯಾಸ ಆಗ್ದೇ ಇದ್ರೆ ಅದೇ ಸತ್ತಿರೋದು. ಚಿಮ್ಮೋ ಡೀಸೆಲ್‌ಗೆ ಕೈ ಅಡ್ಡ ಹಿಡಿಲೇಬೇಡಿ, ಆ ಪ್ರೆಷರ್‌ಗೆ ಚರ್ಮ ತೂರ್ಕೊಂಡು ಒಳಗೆ ಹೋಗುತ್ತೆ, ಹೋದ್ರೆ ಗಾಯ ಚಿಕ್ಕದು ಅಂತ ಬಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಮನ್ ರೈಲ್ ಗಾಡಿಗಳಲ್ಲಂತೂ (ಎಲ್ಲಾ ನಾಜಲ್‌ಗೂ ಒಂದೇ ಪೈಪಲ್ಲಿ ಭಾರೀ ಪ್ರೆಷರಲ್ಲಿ ಡೀಸೆಲ್ ಕೊಡೋ ಹೊಸ ಥರದ್ದು) ಈ ಟೆಸ್ಟ್ ಮಾಡೋ ಹಾಗೇ ಇಲ್ಲ, ಅಲ್ಲಿ ಪ್ರೆಷರ್ ಸಾವಿರ ಬಾರ್ ಮೇಲೂ ಹೋಗುತ್ತೆ.

ಸತ್ತ ಸಿಲಿಂಡರ್ ನಾಜಲ್ ತೆಗೆದು ಪಕ್ಕದ್ದಕ್ಕೆ ಹಾಕಿ, ಕಾಪರ್ ವಾಷರ್ ಹೊಸದು ಹಾಕಿ. ಮಿಸ್ಸಿಂಗ್ ಅದ್ರ ಜೊತೆ ಹೋದ್ರೆ ನಾಜಲ್ ಕೆಟ್ಟಿದೆ, ಇದ್ದಲ್ಲೇ ಇದ್ರೆ ಟ್ಯಾಪೆಟ್ (ಇಂಜಿನ್ ವಾಲ್ವ್‌ಗಳ ಗ್ಯಾಪ್), ಕಂಪ್ರೆಷನ್ ನೋಡ್ಸಿ, ಅದೂ ಸರಿ ಇದ್ರೆ ಮಾತ್ರ ಪಂಪ್ ಇಳ್ಸಿ. ನಾಜಲ್ ಟೆಸ್ಟ್ ಮಾಡ್ಸೋವಾಗ ಪಕ್ಕದಲ್ಲೇ ನಿಂತ್ಕೊಳಿ, ಹೊಗೆ ಥರ ಸಣ್ಣಗೆ ಚಿಮ್ಮಬೇಕು, ನಿಂತ್ಮೇಲೆ ತುದೀಲಿ ಒಂದು ಹನಿನೂ ತೊಟ್ಟಿಕ್ಕಬಾರ್ದು.