ಚಂದ್ರನಲ್ಲಿ ಇಳಿಯುವ ಪರೀಕ್ಷೆ: ಶಾಲೆಯ ಮೈದಾನದಲ್ಲಿ ಮಾಡುವುದು ಹೇಗೆ?

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ 2016ರಲ್ಲಿ ನೆಲ ಅಗೆದು ಚಂದ್ರನ ಮೇಲಿರುವಂಥ ಕುಳಿಗಳನ್ನು ಮಾಡಿತು. ಚಂದ್ರಯಾನ-2ರ ಲ್ಯಾಂಡರ್‌ನ (ಚಂದ್ರನ ಮೇಲೆ ಇಳಿಯುವ ನೌಕೆಯ) ಸೆನ್ಸರ್‌ಗಳನ್ನು ಸಣ್ಣ ವಿಮಾನದಲ್ಲಿಟ್ಟು ಆ ಕುಳಿಗಳ ಮೇಲೆ ಹಾರಿಸಿ ನೋಡಿತು. ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಪಾಠ ಇನ್ನೆಲ್ಲಿ ಸಿಗಬೇಕು? ಅದೇ ಪರೀಕ್ಷೆಯನ್ನು ಚಿಕ್ಕದಾಗಿ ಚಿತ್ರದುರ್ಗ, ದಾವಣಗೆರೆಯ ಯಾವ ಶಾಲೆಯಲ್ಲಾದರೂ ಮಾಡಬಹುದು. ಒಂದು ಮೊಬೈಲ್, ಅಳತೆ ಟೇಪು, ಹಗ್ಗ, ಸ್ವಲ್ಪ ಎಂ-ಸ್ಯಾಂಡ್ ಇದ್ದರೆ ಸಾಕು.

ಮೊದಲು, ಇದೆಲ್ಲ ಯಾಕೆ ಬೇಕು ಅಂತ ನೋಡೋಣ. ಚಂದ್ರನಲ್ಲಿ ಜಿಪಿಎಸ್ ಇಲ್ಲ. ಇಲ್ಲಿಂದ ಕಳಿಸಿದ ಸಂದೇಶ ಅಲ್ಲಿ ಮುಟ್ಟಲು ಸುಮಾರು 1.3 ಸೆಕೆಂಡ್ ಬೇಕು, ಉತ್ತರ ಬರಲು ಇನ್ನೂ ಅಷ್ಟೇ ಹೊತ್ತು. ಚಂದ್ರಯಾನ-3 ಇಳಿಯಲು ಶುರು ಮಾಡಿದಾಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ವೇಗದಲ್ಲಿತ್ತು. ಆ ವೇಗದಲ್ಲಿ ಯಾರನ್ನೂ ಕೇಳುತ್ತ ಕೂರಲು ಆಗುವುದಿಲ್ಲ. ಲ್ಯಾಂಡರ್ ತಾನೇ ಕೆಳಗೆ ನೋಡಬೇಕು, ತನ್ನಲ್ಲಿರುವ ನಕ್ಷೆಗೆ ಹೋಲಿಸಬೇಕು, ಎಲ್ಲಿದ್ದೇನೆ ಅಂತ ಗುರುತಿಸಬೇಕು. ಜಪಾನಿನ ಸ್ಲಿಮ್ ನೌಕೆ 2024ರ ಜನವರಿಯಲ್ಲಿ ಹೀಗೆ ಕುಳಿಗಳ ಚಿತ್ರವನ್ನು ನಕ್ಷೆಗೆ ಹೊಂದಿಸುತ್ತಲೇ ಹೋಗಿ, ಗುರಿಯಿಂದ ಸುಮಾರು 55 ಮೀಟರ್ ದೂರದಲ್ಲಿ ಇಳಿಯಿತು.

ನೆಲ ಸಿದ್ಧ ಮಾಡಿ

ಮೈದಾನದ ಮೂಲೆಯಲ್ಲಿ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಆರಿಸಿ. ಮಣ್ಣು ಸಡಿಲ ಮಾಡಿ, ಮೇಲೆ ಎಂ-ಸ್ಯಾಂಡ್ ಹರಡಿ ನೀರು ಚಿಮುಕಿಸಿ. ಪಾತ್ರೆ, ಬೋಗುಣಿ, ಬಾಣಲೆಗಳನ್ನು ಒತ್ತಿ ಬೇರೆ ಬೇರೆ ಅಳತೆಯ ಕುಳಿ ಮಾಡಿ. ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಬೇಡ. ಎಲ್ಲ ಕಡೆಯೂ ಒಂದೇ ಥರ ಕಂಡರೆ ಯಾವ ಕುಳಿ ಯಾವುದೆಂದು ಕ್ಯಾಮೆರಾಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಕೊನೆಗೆ ಹೆಜ್ಜೆ ಗುರುತು ಅಳಿಸಿ, ಎಲೆ ಕಡ್ಡಿ ತೆಗೆಯಿರಿ. ಅವು ಉಳಿದರೆ ಮಕ್ಕಳು ಕುಳಿ ಬಿಟ್ಟು ಅವನ್ನೇ ಗುರುತು ಹಿಡಿಯುತ್ತಾರೆ.

ಉತ್ತರವನ್ನು ಮೊದಲೇ ಬರೆದಿಡಿ

ಇಡೀ ಪರೀಕ್ಷೆ ನಿಂತಿರುವುದು ಈ ಹೆಜ್ಜೆಯ ಮೇಲೆ. ಇದನ್ನು ಅವಸರದಲ್ಲಿ ಮುಗಿಸಬೇಡಿ. ಜಾಗದ ಒಂದು ಮೂಲೆಯನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಪ್ರತಿ ಕುಳಿಯ ನಡುಭಾಗ ಎಷ್ಟು ಪೂರ್ವಕ್ಕಿದೆ, ಎಷ್ಟು ಉತ್ತರಕ್ಕಿದೆ, ಅಗಲ ಎಷ್ಟು, ಆಳ ಎಷ್ಟು ಅಂತ ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆಯಿರಿ. ಉಪಕರಣ ಹೇಳಿದ್ದು ಸರಿಯೋ ತಪ್ಪೋ ಅಂತ ತಿಳಿಯಲು, ಆ ಉಪಕರಣದ ಸಹಾಯವಿಲ್ಲದೆ ಅಳೆದ ಉತ್ತರ ಕೈಯಲ್ಲಿರಲೇಬೇಕು. ಕಾವಲಿನಲ್ಲಿ ಅಗೆದ ಕುಳಿಗಳ ಪ್ರಯೋಜನವೂ ಇದೇ ಅಲ್ವಾ? ಅವುಗಳ ಅಳತೆ ಮೊದಲೇ ಗೊತ್ತಿರುತ್ತದೆ.

ಇನ್ನು ನಕ್ಷೆ. ಬಿದಿರಿನ ಕೋಲಿಗೆ ಮೊಬೈಲ್ ಭದ್ರವಾಗಿ ಕಟ್ಟಿ, ಮಾಳಿಗೆಯಿಂದ ನೇರ ಕೆಳಕ್ಕೆ ಒಂದು ಫೋಟೊ ತೆಗೆಯಿರಿ. ಈ ಕೆಲಸ ಮೇಷ್ಟ್ರೇ ಮಾಡಲಿ.

ಹಾರಿಸಿ, ಅಳೆಯಿರಿ

ಎರಡು ಕಂಬದ ನಡುವೆ ಹಗ್ಗ ಬಿಗಿದು, ರಾಟೆಯಲ್ಲಿ ಮೊಬೈಲ್ ತೂಗುಹಾಕಿ, ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ ನಿಧಾನಕ್ಕೆ ಎಳೆಯುತ್ತ ವಿಡಿಯೊ ಮಾಡಿ. ವಿಡಿಯೊದಿಂದ ಒಂದು ಚಿತ್ರ ಆರಿಸಿ, ಅಳತೆ ಪುಸ್ತಕ ನೋಡದ ಹುಡುಗಿಗೋ ಹುಡುಗನಿಗೋ ಕೊಡಿ. ಚಿತ್ರದ ನಡುವಿನ ಜಾಗ ನಕ್ಷೆಯಲ್ಲಿ ಎಲ್ಲಿದೆ ಅಂತ ಅವರು ಗುರುತಿಸಲಿ. ಆ ಗುರುತಿಗೂ ಟೇಪಿನ ಲೆಕ್ಕಕ್ಕೂ ಎಷ್ಟು ಸೆಂಟಿಮೀಟರ್ ವ್ಯತ್ಯಾಸ ಇದೆಯೋ ಅದೇ ನಿಮ್ಮ ದೋಷ.

ವೇಗವನ್ನೂ ತೆಗೆಯಬಹುದು. ವಿಡಿಯೊದ ಅಗಲ 1920 ಪಿಕ್ಸೆಲ್ ಇದ್ದು, ಅದರಲ್ಲಿ 2 ಮೀಟರ್ ನೆಲ ಕಂಡರೆ ಒಂದು ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ 1 ಮಿ.ಮೀ. ಒಂದು ಕುಳಿ ಒಂದು ಸೆಕೆಂಡಿನಲ್ಲಿ 300 ಪಿಕ್ಸೆಲ್ ಜರುಗಿದರೆ ವೇಗ ಸೆಕೆಂಡಿಗೆ ಸುಮಾರು 31 ಸೆಂ.ಮೀ. ಈಗ ಹಗ್ಗವನ್ನು ಎರಡರಷ್ಟು ಎತ್ತರಕ್ಕೆ ಕಟ್ಟಿ. ಅದೇ 300 ಪಿಕ್ಸೆಲ್‌ಗೆ ವೇಗ 62 ಸೆಂ.ಮೀ. ಆಗುತ್ತದೆ. ಎತ್ತರ ಗೊತ್ತಿಲ್ಲದೆ ಬರೀ ಕ್ಯಾಮೆರಾದಿಂದ ವೇಗ ಹೇಳಲು ಬರುವುದಿಲ್ಲ. ಲ್ಯಾಂಡರ್‌ನಲ್ಲಿ ಕ್ಯಾಮೆರಾ ಜೊತೆಗೆ ಲೇಸರ್ ಮತ್ತು ರೇಡಿಯೊ ಎತ್ತರಮಾಪಕ ಇರುವುದು ಇದಕ್ಕೇ. ಚಂದ್ರಯಾನ-3ಕ್ಕೆ ಇದರ ಮೇಲೆ ವೇಗವನ್ನು ನೇರವಾಗಿ ಅಳೆಯುವ ಲೇಸರ್ ಡಾಪ್ಲರ್ ಉಪಕರಣವನ್ನೂ ಸೇರಿಸಿದರು.

ಬೇಕಂತಲೇ ಕೆಡಿಸಿ

ಎಲ್ಲ ಸರಿ ಬಂತು ಅಂತ ಸುಮ್ನೆ ನಿಲ್ಲಿಸಬೇಡಿ. ಬೆಳಿಗ್ಗೆ ಎಂಟಕ್ಕೆ ತೆಗೆದ ನಕ್ಷೆ ಇಟ್ಟುಕೊಂಡು ಮಟಮಟ ಮಧ್ಯಾಹ್ನ ಹಾರಿಸಿ. ಬೆಳಿಗ್ಗೆ ಪ್ರತಿ ಕುಳಿಯೊಳಗೂ ಒಂದು ಕಡೆ ಕಪ್ಪು ನೆರಳು, ಎದುರು ಅಂಚಿಗೆ ಹೊಳಪು ಇರುತ್ತದೆ. ಮಧ್ಯಾಹ್ನ ಅದೇ ಕುಳಿ ಮರಳಿನಲ್ಲಿ ಕರಗಿ ಹೋದಂತೆ ಕಾಣುತ್ತದೆ. ಬೆಳಗಿನ ಫೋಟೊವನ್ನು ತಲೆಕೆಳಗು ಮಾಡಿ ನೋಡಿದರೆ ಕುಳಿಗಳೆಲ್ಲ ದಿಬ್ಬದ ಥರ ಕಂಡರೂ ಕಾಣಬಹುದು. ಚಂದ್ರಯಾನ-3 ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ, ನೆರಳು ಉದ್ದವಾಗಿಯೇ ಇರುತ್ತದೆ. ಹಾಗಾಗಿ ಬೆಳಗಿನ, ಸಂಜೆಯ ಚಿತ್ರಗಳಿಗೆ ಜಾಸ್ತಿ ಬೆಲೆ ಕೊಡಿ.

ಆಮೇಲೆ ಮೊಬೈಲನ್ನು ಸ್ವಲ್ಪ ವಾಲಿಸಿ, ಒಂದು ಕುಳಿ ಮುಚ್ಚಿ, ಹಗ್ಗ ಜೋರಾಗಿ ಎಳೆಯಿರಿ. ಯಾವುದಕ್ಕೆ ದೋಷ ಎಷ್ಟು ಹೆಚ್ಚಿತು ಅಂತ ಬರೆಯಿರಿ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಇಳಿಯಲಾಗದೆ ಅಪ್ಪಳಿಸಿದ ಮೇಲೆ ಇಸ್ರೊ ಹಿಡಿದದ್ದು ಇದೇ ದಾರಿ. ಏನೇನು ಕೆಡಬಹುದು ಅಂತ ಮೊದಲು ಯೋಚಿಸಿ ಚಂದ್ರಯಾನ-3 ರೂಪಿಸಿದೆವು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಸೆನ್ಸರ್‌ಗಳನ್ನು ಹೆಲಿಕಾಪ್ಟರಿನಲ್ಲಿ ಹಾರಿಸಿ ನೋಡಿದರು. ಸೆನ್ಸರ್, ಎಂಜಿನ್, ದಾರಿ ತೋರಿಸುವ ಸಾಫ್ಟ್‌ವೇರ್ ಮೂರನ್ನೂ ಒಟ್ಟಿಗೆ ದೊಡ್ಡ ಕ್ರೇನಿಗೆ ತೂಗುಹಾಕಿ ಪರೀಕ್ಷಿಸಿದರು. ಇಳಿಯುವ ಜಾಗವನ್ನೂ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿಯಿತು.

ಕೊನೆಯ ಹೆಜ್ಜೆ ಜಾಗ ಆರಿಸುವುದು. ಮರಳಿನ ಮೇಲೆ ಇಟ್ಟಿಗೆ ಚೂರು, ಕಲ್ಲು ಹರಡಿ. ನಾಲ್ಕು ಕಾಲಿನ ಪುಟ್ಟ ಸ್ಟೂಲೇ ನಿಮ್ಮ ಲ್ಯಾಂಡರ್. ಚಂದ್ರಯಾನ-3 ಸುಮಾರು 150 ಮೀಟರ್ ಎತ್ತರದಲ್ಲಿ ನಿಂತು ಅಪಾಯವಿಲ್ಲದ ಜಾಗ ಹುಡುಕಿದಂತೆ, ಮಕ್ಕಳು ಫೋಟೊ ಮಾತ್ರ ನೋಡಿ ಇಪ್ಪತ್ತು ಸೆಕೆಂಡಿನಲ್ಲಿ ಜಾಗ ಹೇಳಲಿ. ಅಲ್ಲೇ ಸ್ಟೂಲ್ ಇಡಿ. ವಾಲಿದರೆ ಎಷ್ಟು ಡಿಗ್ರಿ ಅಂತ ಕೋನಮಾಪಕದಲ್ಲಿ ಅಳೆದು, ಅದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.