ಗ್ರೇಡಿಂಗ್‌ಗೆ ಕಳಿಸಿದ ಕಾರ್ಡು ಮುಕ್ಕಾಗಿ ಬಂತೇ? ಪರಿಹಾರ ಕೇಳುವುದು ಹೀಗೆ

ಸಂಗ್ರಾಹಕರ ಕಾರ್ಡು, ನಾಣ್ಯ, ಕಾಮಿಕ್ಸ್‌ಗಳ ಸ್ಥಿತಿ ನೋಡಿ ಅಂಕ (ಗ್ರೇಡ್) ಕೊಟ್ಟು, ‘ಸ್ಲ್ಯಾಬ್’ ಎಂಬ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳಿವೆ. ಬೆಲೆಬಾಳುವ ಕಾರ್ಡು ಮೂಲೆ ಮುಕ್ಕಾಗಿಯೋ, ಹಳೆಯ ನಾಣ್ಯ ಗೀರು ಬಿದ್ದೋ ಗ್ರೇಡಿಂಗ್ ಕಂಪನಿಯಿಂದ ವಾಪಸು ಬಂದಾಗ ಹೆಚ್ಚಿನವರು ಮೊದಲು ಸಿಟ್ಟಿನ ಇ-ಮೇಲ್ ಬರೆಯುತ್ತಾರೆ, ಆಮೇಲೆ ಸ್ಲ್ಯಾಬ್ ಒಡೆದು ನೋಡುತ್ತಾರೆ. ಇ-ಮೇಲ್‌ನಿಂದ ಕೆಲಸ ಕೆಡುತ್ತದೆ, ಒಡೆದರೆ ದೂರೇ ಸತ್ತಂತೆ. ಏಕೆಂದರೆ ಕಂಪನಿಯಿಂದ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ನಮ್ಮ ಕೈಗೆ ಬಂದಾಗಲೇ ಹೀಗಿತ್ತು.’ ಈ ಮಾತಿಗೆ ಎದುರಾಗಿ ಇಡಲು ದಾಖಲೆ ಬೇಕು. ಆ ದಾಖಲೆ ಸಿದ್ಧವಾಗಬೇಕಾದದ್ದು ಪಾರ್ಸೆಲ್ ಕಟ್ಟುವ ಮೊದಲೇ.

ಒಂದು ವಿಷಯ ಆರಂಭದಲ್ಲೇ ಬಗೆಹರಿಸಿಕೊಳ್ಳಿ. ಗ್ರೇಡ್ 9 ಸಿಗುತ್ತದೆ ಎಂದುಕೊಂಡದ್ದಕ್ಕೆ 7 ಸಿಕ್ಕಿದರೆ ಅದು ಹಾನಿಯಲ್ಲ, ಅಭಿಪ್ರಾಯಭೇದ. ಅದಕ್ಕೆ ಮರುಪರಿಶೀಲನೆಯ ದಾರಿ ಬೇರೆ. ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ‘ಗ್ರೇಡ್ ಗ್ಯಾರಂಟಿ’ ಕೂಡ ಸಾಮಾನ್ಯವಾಗಿ ತಪ್ಪು ಗ್ರೇಡ್ ಮತ್ತು ನಕಲಿ ವಸ್ತುವಿಗೆ ಸಂಬಂಧಿಸಿದ್ದು. ಕೈಜಾರಿ ಆದ ಹಾನಿಗೆ ನೋಡಬೇಕಾದದ್ದು ವಸ್ತು ಕಳಿಸುವಾಗ ನೀವು ಒಪ್ಪಿಕೊಂಡ ಷರತ್ತುಗಳನ್ನು.

ಕಳಿಸುವ ಮುನ್ನ

ಕಾರ್ಡನ್ನು ಸ್ಲೀವ್‌ನಿಂದ (ತೆಳು ಪ್ಲಾಸ್ಟಿಕ್ ಚೀಲ) ಹೊರತೆಗೆದು ಎರಡೂ ಬದಿ 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡು ಆಗ 3000×4200 ಪಿಕ್ಸೆಲ್ ಆಗುತ್ತದೆ. ಮೂಲೆಯ ಬಿಳಿ ನಾರು ಎದ್ದಿದ್ದರೂ ಕಾಣುತ್ತದೆ. ಸ್ಲೀವ್ ಒಳಗಿಟ್ಟೇ ಸ್ಕ್ಯಾನ್ ಮಾಡಿದರೆ ಪ್ಲಾಸ್ಟಿಕ್ಕಿನ ಗೀರು ಕಾರ್ಡಿನ ಗೀರಾಗಿ ಕಾಣುತ್ತದೆ, ಎದುರು ಪಕ್ಷಕ್ಕೆ ಅಷ್ಟು ಸಾಕು. ಸ್ಕ್ಯಾನರಿನ ಧೂಳು ತೆಗೆಯುವ, ಬಣ್ಣ ತಿದ್ದುವ ಆಯ್ಕೆಗಳೆಲ್ಲ ಆಫ್ ಇರಲಿ.

ಸ್ಕ್ಯಾನ್ ಒಂದೇ ಸಾಲದು. ಸ್ಕ್ಯಾನರಿನ ಬೆಳಕಿನಲ್ಲಿ ತಗ್ಗು, ಉಗುರಿನ ಒತ್ತು, ಸಣ್ಣ ಮಡಿಕೆ ಮಾಯವಾಗಿಬಿಡುತ್ತವೆ. ಅವನ್ನು ಹಿಡಿಯಲು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಹಿಡಿದು ಫೋಟೊ ತೆಗೆಯಿರಿ. ನಾಲ್ಕೂ ದಿಕ್ಕಿನಿಂದ, ಎರಡೂ ಬದಿ. ಮೂಲೆಗಳಿಗೆ ಪ್ರತ್ಯೇಕ ಫೋಟೊ, ಒಟ್ಟು 8. ನಾಣ್ಯಕ್ಕೆ ಸ್ಕ್ಯಾನರ್ ಬೇಡ. ಕ್ಯಾಮೆರಾ ಸ್ಥಿರವಾಗಿಟ್ಟು ಬೆಳಕಿನ ಕೋನ ಬದಲಿಸುತ್ತ ತೆಗೆಯಿರಿ, ಅಂಚಿನ ಸುತ್ತನ್ನು ಮರೆಯಬೇಡಿ. ಕಾಮಿಕ್ಸ್ ಆದರೆ ಬೆನ್ನು, ಪಿನ್ನು, ನಡುಹಾಳೆ ಮುಖ್ಯ.

ಕೊನೆಗೆ ಪ್ಯಾಕಿಂಗ್ ವಿಡಿಯೊ. ವಸ್ತು, ಅದರ ಗುರುತು (ಸರಣಿ ಸಂಖ್ಯೆ ಅಥವಾ ಮುದ್ರಣದ ಚುಕ್ಕಿ), ಅರ್ಜಿಯ ಸಂಖ್ಯೆ, ಟೇಪ್ ಹಾಕಿದ ಪೆಟ್ಟಿಗೆ, ಕೊರಿಯರ್ ಚೀಟಿ — ಇಷ್ಟೂ ಒಂದೇ ಓಟದಲ್ಲಿ, ನಡುವೆ ಕತ್ತರಿಸದೆ ಇರಬೇಕು. ಮೂಲ ಫೈಲುಗಳನ್ನೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ತೆಗೆದ ದಿನಾಂಕದ ವಿವರವೂ ಹೋಗಿರುತ್ತದೆ.

ಕವಚದ ವಿಷಯದಲ್ಲಿ ಜಿಪುಣತನ ಬೇಡ. ಕಾರ್ಡಿಗೆ ಮೆತ್ತನೆಯ ಸ್ಲೀವ್, ಅದರ ಮೇಲೆ ಸೆಮಿ-ರಿಜಿಡ್ ಹೋಲ್ಡರ್ (ಸ್ವಲ್ಪ ಬಾಗುವ ಪ್ಲಾಸ್ಟಿಕ್ ಕವಚ). ಸ್ಕ್ರೂ ಬಿಗಿಯುವ ಗಟ್ಟಿ ಹೋಲ್ಡರ್ ಬೇಡವೇ ಬೇಡ, ಟಾಪ್‌ಲೋಡರ್ (ಮೇಲಿನಿಂದ ಕಾರ್ಡು ಇಳಿಸುವ ಗಟ್ಟಿ ಕವಚ) ಕೂಡ ಬೇಡ: ಹೊರಗೆಳೆಯುವವರು ತಿಣುಕಾಡಬೇಕಾದಲ್ಲೇ ಅಂಚು ಹೋಗುವುದು. ಸ್ಲೀವ್ ಬಾಯಿಗೆ ಟೇಪ್ ಅಂಟಿಸಿದರೆ ಬ್ಲೇಡ್ ಹಿಡಿಯಲು ನೀವೇ ಕರೆದಂತೆ. ಜೊತೆಗೆ ‘ಪ್ಯಾಕಿಂಗ್ ಸರಿಯಿರಲಿಲ್ಲ’ ಎಂಬ ನೆಪವನ್ನೂ ಕೊಟ್ಟಂತೆ. ನಾಣ್ಯಗಳನ್ನು ಮೆದು ಪಿವಿಸಿ ಚೀಲದಲ್ಲಿ ಇಡಬೇಡಿ. ಅಗ್ಗಕ್ಕೆ ಸಿಗುತ್ತವೆ ನಿಜ, ದಿನ ಕಳೆದಂತೆ ಹಸಿರು ಜಿಡ್ಡು ಬಿಡುತ್ತವೆ. ಮೈಲಾರ್ (ಪಾಲಿಯೆಸ್ಟರ್) ಚೀಲ ಇರಲಿ.

ಶುಲ್ಕ ಉಳಿಸಲು ಘೋಷಿತ ಮೌಲ್ಯವನ್ನು (ವಸ್ತುವಿನ ಬೆಲೆ ಎಂದು ಅರ್ಜಿಯಲ್ಲಿ ತೋರಿಸುವ ಮೊತ್ತ) ಇಳಿಸಿ ಬರೆಯುವವರು ಬಹಳ. ಹಾನಿಯಾದಾಗ ಕಂಪನಿಯ ಹೊಣೆಗೆ ಸಾಮಾನ್ಯವಾಗಿ ಮಿತಿಯಾಗುವುದು ಅದೇ ಅಂಕಿ.

ವಾಪಸು ಬಂದ ದಿನ

ಪಾರ್ಸೆಲ್ ಬಿಚ್ಚುವುದನ್ನೂ ವಿಡಿಯೊ ಮಾಡಿ. ಹಾನಿ ಕಂಡರೆ ಪೆಟ್ಟಿಗೆ, ಒಳತುಂಬು, ಟೇಪ್ ಯಾವುದನ್ನೂ ಎಸೆಯಬೇಡಿ. ಈಗ ಕೇಳಬೇಕಾದ ಪ್ರಶ್ನೆ: ಇದು ಯಾರ ವಶದಲ್ಲಿದ್ದಾಗ ಆಯಿತು?

ಪೆಟ್ಟಿಗೆ ಜಜ್ಜಿ, ಸ್ಲ್ಯಾಬ್ ಬಿರಿದಿದ್ದರೆ ಅನುಮಾನ ಕೊರಿಯರ್ ಮೇಲೆ. ಆದರೆ ವಿಮೆ ಮಾಡಿಸಿ ಕಳಿಸಿದ್ದು ಕಂಪನಿಯಾದರೆ ಕ್ಲೇಮ್ ಹಾಕಬೇಕಾದದ್ದೂ ಬಹುತೇಕ ಅವರೇ. ಇಬ್ಬರಿಗೂ ಅದೇ ದಿನ ಬರೆದು ತಿಳಿಸಿ. ಸ್ಲ್ಯಾಬ್ ಮೇಲಷ್ಟೇ ಗೀರು ಬಿದ್ದು ಒಳಗಿನದು ಚೆನ್ನಾಗಿದ್ದರೆ ಹೊಸ ಸ್ಲ್ಯಾಬ್ ಕೇಳಿ ಸುಮ್ಮನಾಗಿ.

ಸ್ಲ್ಯಾಬ್ ನೆಟ್ಟಗಿದ್ದು ಒಳಗಿನ ವಸ್ತುವೇ ಹಾಳಾಗಿದ್ದರೆ ಮಾತ್ರ ತಾಳ್ಮೆಯಿಂದ ಕೆಲಸ ಮಾಡಬೇಕು. ಕೆಲವು ಕಂಪನಿಗಳು ಗ್ರೇಡ್ ಆದ ವಸ್ತುವಿನ ಚಿತ್ರವನ್ನು ಪ್ರಮಾಣ ಸಂಖ್ಯೆಯಡಿ (ಸ್ಲ್ಯಾಬ್ ಮೇಲಿನ ಗುರುತು ಸಂಖ್ಯೆ) ವೆಬ್‌ಸೈಟಿನಲ್ಲಿ ಇಟ್ಟಿರುತ್ತವೆ. ದೂರು ಕೊಡುವ ಮುನ್ನವೇ ಆ ಚಿತ್ರ ಇಳಿಸಿಕೊಳ್ಳಿ, ಪುಟದ ಸ್ಕ್ರೀನ್‌ಶಾಟನ್ನೂ ತೆಗೆದಿಡಿ. ಆ ಚಿತ್ರದಲ್ಲೂ ಮೂಲೆ ಮುಕ್ಕಾಗಿದ್ದು, ನಿಮ್ಮ ಸ್ಕ್ಯಾನ್‌ನಲ್ಲಿ ನೆಟ್ಟಗಿದ್ದರೆ, ಹಾನಿ ಆದದ್ದು ನಿಮ್ಮ ಪ್ಯಾಕಿಂಗ್‌ಗೂ ಅವರ ಚಿತ್ರಕ್ಕೂ ನಡುವೆ. ವಸ್ತು ತಲುಪಿದಾಗ ಕಂಪನಿ ತೆಗೆದ ಫೋಟೊ ಇದ್ದರೆ ಕೇಳಿ. ಅದರಲ್ಲಿ ಮೂಲೆ ನೆಟ್ಟಗಿದ್ದರೆ, ಹೋಗುವಾಗಿನ ಕೊರಿಯರ್ ಲೆಕ್ಕದಿಂದ ಹೊರಗೆ. ಅವರ ಚಿತ್ರದಲ್ಲಿ ಚೆನ್ನಾಗಿದ್ದು ಕೈಗೆ ಬಂದಾಗ ಕೆಟ್ಟಿದ್ದರೆ, ಸ್ಲ್ಯಾಬ್ ಒಳಗೇ ಸರಿದಾಡಿರಬಹುದು. ಕಾಮಿಕ್ಸ್‌ನಲ್ಲಿ ಇದು ಗೊತ್ತಿರುವ ತೊಂದರೆ: ಒಳಚೀಲದಲ್ಲಿ ಪುಸ್ತಕ ಅಲುಗಿ ಮೂಲೆ ಮಡಚಿಕೊಳ್ಳುತ್ತದೆ. ಸ್ಲ್ಯಾಬನ್ನು ಮೆಲ್ಲಗೆ ವಾಲಿಸಿ, ಅಲುಗುವುದು ವಿಡಿಯೊದಲ್ಲಿ ಬರಲಿ.

ಒಡೆಯಬೇಡಿ, ಮಾರಬೇಡಿ, ಇನ್ನೊಂದು ಕಂಪನಿಗೆ ಕಳಿಸಬೇಡಿ. ಅವರೇ ವಾಪಸು ಕೇಳಿದರೂ ದೂರಿನ ಸಂಖ್ಯೆ ಮತ್ತು ವಿಮೆ ಇರುವ ರಿಟರ್ನ್ ಲೇಬಲ್ ಬಂದ ಮೇಲಷ್ಟೇ ಕೊಡಿ.

ಪತ್ರ ಮತ್ತು ಮೊತ್ತ

ಒಂದು ಪುಟ ಸಾಕು: ಅರ್ಜಿ ಸಂಖ್ಯೆ, ಪ್ರಮಾಣ ಸಂಖ್ಯೆ, ತಲುಪಿದ ದಿನ, ಹಾನಿ ಎಲ್ಲಿ (‘ಹಿಂಬದಿ, ಕೆಳಗಿನ ಎಡಮೂಲೆ’), ಮೊದಲು–ಈಗ ಪಕ್ಕಪಕ್ಕದ ಚಿತ್ರ, ಕೇಳುವ ಮೊತ್ತ, ಉತ್ತರಕ್ಕೆ ಗಡುವು. ವಿಶೇಷಣಗಳು ಬೇಡ.

ಮೊತ್ತದಲ್ಲಿ ಎಡವುವವರು ಅತ್ಯುನ್ನತ ಗ್ರೇಡ್ 10 ಸಿಗುತ್ತಿತ್ತು ಎಂದು ಹಿಡಿದು ಕೇಳುತ್ತಾರೆ. ಅದನ್ನು ಯಾರೂ ಒಪ್ಪುವುದಿಲ್ಲ. ಹಳೆಯ ಚಿತ್ರಗಳು ಸಮರ್ಥಿಸುವ ಗ್ರೇಡಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಆ ಗ್ರೇಡಿನಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮೂರ್ನಾಲ್ಕು ಬೆಲೆ ತೋರಿಸಿ. ಮಾರಾಟಗಾರರು ಕೂಗುವ ಬೆಲೆ ಲೆಕ್ಕಕ್ಕಿಲ್ಲ. ಹಾನಿಗೆ ಮುನ್ನ 1000 ಬಾಳುತ್ತಿದ್ದದ್ದು ಈಗ 400 ಬಾಳಿದರೆ ಬೇಡಿಕೆ 600, ಜೊತೆಗೆ ಗ್ರೇಡಿಂಗ್ ಶುಲ್ಕ ಮತ್ತು ಸಾಗಣೆ ವೆಚ್ಚ. ನೀವು ಘೋಷಿಸಿದ್ದಕ್ಕಿಂತ ಬೆಲೆ ಜಾಸ್ತಿ ಎಂದು ಕಂಪನಿಯೇ ಹೆಚ್ಚುವರಿ ಶುಲ್ಕ ಹಾಕಿದ್ದರೆ ಆ ಬಿಲ್ಲು ಲಗತ್ತಿಸಿ. ಅದು ಅವರೇ ಕಟ್ಟಿದ ಬೆಲೆ.

ಮೊದಲ ಉತ್ತರವಾಗಿ ಉಚಿತ ಗ್ರೇಡಿಂಗ್ ಕೂಪನ್ ಬರಬಹುದು. ಒಪ್ಪಿಕೊಳ್ಳುವ ಮುನ್ನ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತಿದೆಯೇ ನೋಡಿ. ಸಹಿ ಹಾಕಿದ ಮೇಲೆ ಉಳಿದದ್ದು ಕೇಳುವಂತಿಲ್ಲ. ಪೂರ್ತಿ ಮೌಲ್ಯ ಕೊಡುತ್ತೇವೆಂದರೆ ವಸ್ತು ಯಾರಿಗೆ ಸೇರುತ್ತದೆ ಎಂಬುದೂ ಬರಹದಲ್ಲಿರಲಿ.

ಮಧ್ಯವರ್ತಿಯ ಮೂಲಕ ಗುಂಪಿನಲ್ಲಿ ಕಳಿಸಿದ್ದರೆ ಕಂಪನಿಯ ಲೆಕ್ಕದಲ್ಲಿ ಗ್ರಾಹಕ ಅವನೇ. ದೂರು ಅವನ ಖಾತೆಯಿಂದಲೇ ಹೋಗಬೇಕು. ಅವನು ಎಷ್ಟು ಮೌಲ್ಯ ಘೋಷಿಸಿದ್ದ ಎಂದೂ ಕೇಳಿಕೊಳ್ಳಿ. ಕ್ರೆಡಿಟ್ ಕಾರ್ಡಿನ ಚಾರ್ಜ್‌ಬ್ಯಾಕ್‌ನಿಂದ (ಬ್ಯಾಂಕಿನ ಮೂಲಕ ಪಾವತಿ ಹಿಂಪಡೆಯುವುದು) ಬಂದರೆ ಗ್ರೇಡಿಂಗ್ ಶುಲ್ಕ ಬಂದೀತು, ವಸ್ತುವಿನ ಬೆಲೆಯಲ್ಲ. ಮಾತುಕತೆ ನಡೆಯುವಾಗಲೇ ಅದನ್ನು ಹಾಕಿದರೆ ಖಾತೆ ಸ್ಥಗಿತವಾಗುವ ಅಪಾಯವೂ ಇದೆ.

ಗಡುವು ಮೀರಿದರೆ ಲಿಖಿತ ನೋಟಿಸ್, ನಂತರ ಗ್ರಾಹಕ ವ್ಯಾಜ್ಯ ಅಥವಾ ಸಣ್ಣ ಮೊತ್ತದ ದಾವೆ. ಅದಕ್ಕೆ ಮುನ್ನ ಷರತ್ತುಗಳಲ್ಲಿ ಮೂರು ಸಾಲು ಹುಡುಕಿ: ದೂರು ಕೊಡಲು ಎಷ್ಟು ದಿನ, ಮಧ್ಯಸ್ಥಿಕೆ ಕಡ್ಡಾಯವೇ, ಯಾವ ಊರಿನ ನ್ಯಾಯಾಲಯ. ಓದಬೇಕಾದದ್ದು ವಸ್ತು ಕಳಿಸಿದ ದಿನ ಜಾರಿಯಲ್ಲಿದ್ದ ಆವೃತ್ತಿಯನ್ನು. ವೆಬ್‌ಸೈಟಿನಲ್ಲಿ ಇವತ್ತು ಇರುವುದು ಅದೇ ಆಗಿರಬೇಕೆಂದಿಲ್ಲ, ಆದ್ದರಿಂದ ಅರ್ಜಿ ತುಂಬಿದ ದಿನವೇ ಆ ಪುಟವನ್ನು ಪಿಡಿಎಫ್ ಮಾಡಿ ಸ್ಕ್ಯಾನ್‌ಗಳ ಜೊತೆಗಿಡಿ.