ಯೂಕಾನ್‌ನಲ್ಲಿ ಲ್ಯಾಂಡ್ ಯೂಸ್ ಪ್ಲಾನಿಂಗ್: ನಾವು ಮ್ಯಾಪ್ ಮಾಡಿದ ರೀತಿ

ಕೆನಡಾದ ಯೂಕಾನ್‌ನಲ್ಲಿ ಕೆಲಸ ಅಂದ ತಕ್ಷಣ ಎಲ್ರೂ ಚಳಿ ಎಷ್ಟಿರುತ್ತೆ ಅಂತ ಕೇಳ್ತಾರೆ, ಕೆಲಸ ಏನು ಅಂತ ಕೇಳೋರು ಕಮ್ಮಿ, ಅದಕ್ಕೆ ನಾನೇ ಬರೀತಿದ್ದೀನಿ. ಪೀಲ್ ನದಿಯ ಜಲಾನಯನ ಪ್ರದೇಶಕ್ಕೆ ಲ್ಯಾಂಡ್ ಯೂಸ್ ಪ್ಲಾನ್, ಅಂದ್ರೆ ಯಾವ ಜಾಗ ಯಾವುದಕ್ಕೆ ಬಳಸ್ಬೇಕು ಅನ್ನೋ ಯೋಜನೆ, ತಯಾರಾಗ್ತಿದ್ದಾಗ, ಅಲ್ಲಿನ ಮೂಲನಿವಾಸಿ ಹಿರಿಯರ ಜೊತೆ ಕೂತು ಅವರ ಬೇಟೆ, ಮೀನು, ಓಡಾಟದ ದಾರಿಗಳನ್ನ ಮ್ಯಾಪ್ ಮೇಲೆ ಗುರುತು ಹಾಕಿಸ್ಕೊಳ್ಳೋದು ನನ್ನ ಪಾಲಿಗೆ ಬಂದ ಕೆಲಸ. ಸುಮಾರು 68,000 ಚದರ ಕಿಮೀ ಜಾಗ, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು, ಹೈವೇ ಅಂತ ಇರೋದು ಪಶ್ಚಿಮದ ಕಡೆ ಹಾದು ಹೋಗೋ ಡೆಂಪ್‌ಸ್ಟರ್ ಒಂದೇ.

ಅಲ್ಲಿ ಈ ಪ್ಲಾನ್ ಸರ್ಕಾರ ದಯೆ ತೋರಿಸಿ ಮಾಡೋದಲ್ಲ. 1993ರಲ್ಲಿ ಸರ್ಕಾರಕ್ಕೂ ಫಸ್ಟ್ ನೇಷನ್‌ಗಳಿಗೂ (ಅಲ್ಲಿನ ಮೂಲನಿವಾಸಿ ಸಮುದಾಯಗಳಿಗೆ ಹಾಗಂತಾರೆ) ಸಹಿ ಆದ ಭೂ ಒಪ್ಪಂದದ 11ನೇ ಅಧ್ಯಾಯದಲ್ಲೇ ಇದೆ, ಇಬ್ರೂ ಹೆಸರು ಸೂಚಿಸಿದವರು ಸೇರಿ ಕಮಿಷನ್ ಆಗುತ್ತೆ, ಅದು ಪ್ಲಾನ್ ಶಿಫಾರಸು ಮಾಡುತ್ತೆ. ಪೀಲ್ ಕಮಿಷನ್ 2004ರಲ್ಲಿ ಶುರುವಾಯ್ತು. ತಮಾಷೆ ಏನಪ್ಪ ಅಂದ್ರೆ ಮೀಟಿಂಗ್ ಒಳಗಡೆ ನಡೀತಿದ್ರೆ ಹೊರಗಡೆ ಕಾಡಲ್ಲಿ ಕಂಬ ನೆಡೋದೂ ನಡೀತಿತ್ತು, ಯಾಕಂದ್ರೆ ಯೂಕಾನ್ ಗಣಿ ಕಾನೂನಲ್ಲಿ 18 ತುಂಬಿದ ಯಾರು ಬೇಕಾದ್ರೂ ಹೋಗಿ ಕಂಬ ನೆಟ್ಟು ರಿಜಿಸ್ಟರ್ ಮಾಡಿಸಿ ಕ್ಲೇಮ್, ಅಂದ್ರೆ ಆ ಜಾಗದ ಖನಿಜದ ಮೇಲೆ ಹಕ್ಕು, ತಗೋಬಹುದು. 2010ರಲ್ಲಿ ಹೊಸ ಕ್ಲೇಮ್‌ಗೆ ತಡೆ ಹಾಕೋ ಹೊತ್ತಿಗೆ 8,000ಕ್ಕೂ ಜಾಸ್ತಿ ಆಗಿಬಿಟ್ಟಿದ್ವು.

ಹಿರಿಯರಿಗೆ ನಮ್ಮ ಮ್ಯಾಪ್ ಮೇಲೂ ಅನುಮಾನ ಇತ್ತು, ಅದು ನ್ಯಾಯವಾದ ಅನುಮಾನವೇ. ಮೂಸ್ (ಅಲ್ಲಿನ ದೊಡ್ಡ ಜಿಂಕೆ) ಉಪ್ಪು ನೆಕ್ಕೋಕೆ ಬರೋ ಜಾಗ, ಮೀನು ಚೆನ್ನಾಗಿ ಸಿಗೋ ಮಡು, ಹಳೇ ಸಮಾಧಿ, ಇವೆಲ್ಲ ಸರ್ಕಾರಿ ಮ್ಯಾಪಲ್ಲಿ ಚುಕ್ಕೆ ಆಗಿ ಕೂತ್ರೆ ಹೊರಗಿನವರಿಗೆ ಮನೆ ವಿಳಾಸ ಬರ್ಕೊಟ್ಟ ಹಾಗೆ. ಹಾಗಂತ ತೋರಿಸ್ದೇ ಇದ್ರೆ ಆ ಜಾಗ ಖಾಲಿ ಅಂತಾನೇ ಲೆಕ್ಕ, ಖಾಲಿ ಜಾಗಕ್ಕೆ ಗಣಿ ಬರುತ್ತೆ. ಅದಕ್ಕೇ ಪೆನ್ನು ಕೈಗೆ ತಗೊಳ್ಳೋ ಮುಂಚೆ ಡೇಟಾ ಯಾರದ್ದು ಅನ್ನೋ ಒಪ್ಪಂದ ಮಾಡ್ಕೊಂಡ್ವಿ: ಮೂಲ ಶೀಟು, ರೆಕಾರ್ಡಿಂಗ್ ಎಲ್ಲ ಅವರ ಲ್ಯಾಂಡ್ಸ್ ಆಫೀಸಲ್ಲೇ ಇರುತ್ತೆ, ನನ್ನ ಹತ್ರ ಹೆಸರಿಲ್ಲದ ಕಾಪಿ, ಕಮಿಷನ್‌ಗೆ ಹೋಗೋದು ದೊಡ್ಡ ದೊಡ್ಡ ಚೌಕಗಳಾಗಿ ಮಾಡಿದ್ದು ಮಾತ್ರ, ಈ ಚೌಕದಲ್ಲಿ ಬಳಕೆ ಜಾಸ್ತಿ ಆ ಚೌಕದಲ್ಲಿ ಕಮ್ಮಿ ಅಂತ ಗೊತ್ತಾದ್ರೆ ಅವರಿಗೆ ಸಾಕು. ಇದಕ್ಕೇ ತಿಂಗಳುಗಟ್ಟಲೆ ಹೋಯ್ತು, ಟೈಮ್ ವೇಸ್ಟ್ ಅಂದೋರೂ ಇದ್ರು, ನನಗಂತೂ ಹಾಗೆ ಅನ್ನಿಸ್ಲಿಲ್ಲ.

ಇಂಟರ್‌ವ್ಯೂ ಎಲ್ಲ ಚಳಿಗಾಲದಲ್ಲೇ, ಶರತ್ಕಾಲದಲ್ಲಿ ಹೋದ್ರೆ ಎಲ್ರೂ ಬೇಟೆಗೆ ಹೋಗಿರ್ತಾರೆ, ಮನೆಗೆ ಬೀಗ. ಪ್ರಶ್ನೆ ಕೇಳೋದು ಆ ಊರಿನ ಹುಡುಗ ಅಥವಾ ಹುಡುಗೀನೇ, ನಾನು ಪಕ್ಕದಲ್ಲಿ ನಂಬರ್ ಹಾಕ್ಕೊಂಡು ಕೂರ್ತಿದ್ದೆ. ಟೇಬಲ್ ಮೇಲೆ 1:250,000 ಸ್ಕೇಲ್ ಟೋಪೋಶೀಟ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಬಣ್ಣದ ಪೆನ್ನು, ಚಹಾ. ಪೀಲ್ ನದಿ ದಡದ ಊರು ಫೋರ್ಟ್ ಮ್ಯಾಕ್‌ಫರ್ಸನ್‌ನ ಒಬ್ರು ಅಜ್ಜ ಬಂದವರೇ ಶೀಟನ್ನ ಪೂರ್ತಿ ತಿರುಗಿಸಿ ದಕ್ಷಿಣನ ಮೇಲೆ ಮಾಡ್ಕೊಂಡ್ರು, ಪೀಲ್ ನದಿ ಉತ್ತರಕ್ಕೆ ಹರಿಯುತ್ತೆ, ಅವರ ಜನ ಮೊದಲಿಂದ್ಲೂ ಬೆಟ್ಟಕ್ಕೆ ಹೋಗೋದು ನದಿ ಎದುರು ಹತ್ಕೊಂಡು, ಸೋ ಅವರ ಮುಂದೆ ಇರೋದು ದಕ್ಷಿಣ. ನಾವೇ ಎದ್ದು ಆ ಕಡೆ ಹೋಗಿ ಕೂತ್ವಿ. ಚುಕ್ಕೆ ಇಡಿ ಅಂದ್ರೆ ಇಡ್ಲಿಲ್ಲ, ದಾರಿನೇ ಎಳೆದ್ರು, ಎಲ್ಲಿ ಗಾಡಿ ಎಳೆಯೋ ನಾಯಿಗಳನ್ನ ನಿಲ್ಲಿಸ್ತಿದ್ರು, ಎಲ್ಲಿ ಐಸ್ ಕೈ ಕೊಡುತ್ತೆ, ಯಾವ ವರ್ಷ ಕ್ಯಾರಿಬು (ಹಿಮಸಾರಂಗ) ಹಿಂಡು ಆ ಕಣಿವೆಗೆ ಬರ್ಲೇ ಇಲ್ಲ. ಒಂದು ತಿರುವಿನಲ್ಲಿ ಪೆನ್ನು ನಿಂತ್ಬಿಡ್ತು. "ಇದನ್ನ ನಿನ್ನ ಪುಸ್ತಕದಲ್ಲಿ ಬರ್ಕೋ ಮಗಾ, ಶೀಟಲ್ಲಿ ಬೇಡ" ಅಂದ್ರು. ಬರ್ಕೊಂಡೆ, ಆ ಪುಟ ಈಗ ಅವರ ಆಫೀಸಲ್ಲೇ ಇದೆ. ಆಮೇಲೆ ಪ್ರಿಂಟ್ ತಗೊಂಡು ವಾಪಸ್ ಹೋಗಿ ಪ್ರತಿಯೊಬ್ರಿಗೂ ತೋರಿಸಿ ಸರಿ ಮಾಡಿಸ್ಕೊಂಡ್ವಿ, ಈ ಸುತ್ತನ್ನ ಬಜೆಟ್ ಇಲ್ಲ ಅಂತ ಬಿಡೋರು ತುಂಬಾ ಜನ, ದಯವಿಟ್ಟು ಬಿಡ್ಬೇಡಿ.

ಮುಂದಿನದ್ದು ಪೇಪರಲ್ಲೂ ಬಂದಿದೆ. 2011ರಲ್ಲಿ ಕಮಿಷನ್ 80% ಜಾಗಕ್ಕೆ ರಕ್ಷಣೆ ಬೇಕು ಅಂತು, 2014ರಲ್ಲಿ ಸರ್ಕಾರ ಅದನ್ನ ಬಿಟ್ಟು 71% ಗಣಿಗೆ ತೆರೆದಿಡೋ ತನ್ನದೇ ಪ್ಲಾನ್ ತಂತು, ಫಸ್ಟ್ ನೇಷನ್‌ಗಳೂ ಪರಿಸರ ಸಂಘಟನೆಗಳೂ ಕೋರ್ಟಿಗೆ ಹೋದ್ವು, 2017ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ಸರ್ಕಾರಿ ಪ್ಲಾನ್ ರದ್ದು ಮಾಡ್ತು. ಕೋರ್ಟ್ ನೋಡಿದ್ದು ಯಾವ ಜಾಗ ಚೆನ್ನಾಗಿದೆ ಅಂತಲ್ಲ, ಸರ್ಕಾರ ಯಾವ ಹಂತದಲ್ಲಿ ಏನು ಆಕ್ಷೇಪ ಹೇಳಿತ್ತು, ಕೊನೆಗೆ ಬದಲಾಯಿಸಿದ್ದು ಅದರಿಂದ ಬಂದಿದ್ದೇನಾ ಅಂತ. ಅದಕ್ಕೆ ನಾನು ಈಗ್ಲೂ ಯಾವ ಮೀಟಿಂಗ್‌ಗೆ ಹೋದ್ರೂ ಯಾರು ಏನಂದ್ರು, ಯಾವ ತಾರೀಖು ಅಂತ ಬರ್ಕೋತೀನಿ, ಬೋರ್ ಕೆಲಸ, ಆದ್ರೂ.

2019ರಲ್ಲಿ 83% ರಕ್ಷಣೆ ಇರೋ ಪ್ಲಾನಿಗೆ ಎಲ್ಲಾ ಕಡೆಯವರೂ ಸಹಿ ಹಾಕಿದ್ರು. ಹಾಗಂತ ಹಳೇ ಕ್ಲೇಮ್‌ಗಳು ತಾನಾಗೇ ರದ್ದಾಗ್ಲಿಲ್ಲ, ರಕ್ಷಿತ ಜಾಗದ ಒಳಗೂ ಅವು ಉಳ್ಕೊಂಡ್ವು, ಪ್ಲಾನಿಂಗ್ ಶುರುವಾದ ದಿನವೇ ತಡೆ ಹಾಕಿದ್ರೆ ಆ ತಲೆನೋವು ಎಷ್ಟೋ ಕಮ್ಮಿ ಆಗ್ತಿತ್ತು.